ಈಜಿಗೆ ಮೂರು ಅಂಕ

ಡುಲೂತಿನಲ್ಲಿ ಗುರುವಾರ ರಾತ್ರಿ ಏಳಕ್ಕೆ
ನನ್ನ ನೆಲಮಾಳಿಗೆಯಲ್ಲಿ ಐದು ಜನ,
ಒಂದು ಮೇಜು, ಇಪ್ಪತ್ತು ಮುಖದ ದಾಳ,
ಮೂಲೆಯಲ್ಲಿ ಗೊಣಗುವ ಬಾಯ್ಲರ್.
ಹೊರಗೆ ಸುಪೀರಿಯರ್ ಸರೋವರ
ದಂಡೆಯ ಕಡೆಯಿಂದ ಹೆಪ್ಪುಗಟ್ಟುತ್ತಿದೆ.

ಆಟ ನನ್ನದೇ. ನಿಯಮಗಳೂ ನನ್ನವೇ.
ಹನ್ನೊಂದು ವರ್ಷ ಬರೆದು, ಅಳಿಸಿ, ಬರೆದ
ನೂರಾ ನಲವತ್ತು ಪುಟ.
ಪಾತ್ರವೊಂದಕ್ಕೆ ಮೂವತ್ತು ಅಂಕ ಕೊಟ್ಟು
ಹೋಗಿ, ಕೌಶಲ ಕೊಂಡುಕೊಳ್ಳಿ ಎನ್ನುತ್ತೇನೆ:
ಕತ್ತಿವರಸೆಗೆ ಐದು, ಬೀಗ ಬಿಚ್ಚಲು ನಾಲ್ಕು,
ಕುದುರೆಯ ಮನಸ್ಸು ತಿಳಿಯಲು ಎರಡು.
ಯಾವುದೂ ಗುಲಗಂಜಿಯಷ್ಟು ಹೆಚ್ಚಾಗಬಾರದು.

ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ.
ಕತ್ತಿಯ ಬೆಲೆ ಏರಿಸಿದೆನೋ, ಎಲ್ಲರೂ ಬಿಲ್ಲುಗಾರರು.
ಬಿಲ್ಲಿನ ಬೆಲೆ ಏರಿಸಿದೆನೋ,
ಮುಂದಿನ ವಾರ ಐವರೂ ಮಾತುಗಾರರು,
ರಾಕ್ಷಸನನ್ನೂ ಬೆನ್ನು ಸವರಿ ಮನೆಗೆ ಕಳಿಸುತ್ತಾರೆ.
'ಸೂಕ್ಷ್ಮದೃಷ್ಟಿ'ಯ ಕತೆಯಂತೂ ಕೇಳಲೇಬೇಡಿ.
ಒಂದೇ ಅಂಕಕ್ಕೆ ಇಟ್ಟಿದ್ದೆ, ಮೂರ್ಖ;
ಆ ಚಳಿಗಾಲವಿಡೀ ಯಾರ ಕಣ್ಣಿಗೂ
ಒಂದು ಬಲೆ ತಪ್ಪಲಿಲ್ಲ, ಒಂದು ಇಲಿ ತಪ್ಪಲಿಲ್ಲ.

ಆರಿನ್ ಥೋರ್ಸನ್ ವಿಮಾ ಕಂಪನಿಯ ಲೆಕ್ಕದವನು.
ಆಡಿದ ಆಟಗಳನ್ನೆಲ್ಲ ಪಟ್ಟಿ ಮಾಡಿ ತಂದ.
"ವೆಂಡೆಲ್, ನಿನ್ನ ಈಜು ದಂಡ.
ಹದಿನಾಲ್ಕು ತಿಂಗಳಲ್ಲಿ ಅದಕ್ಕಾಗಿ
ಒಮ್ಮೆಯೂ ದಾಳ ಉರುಳಿಲ್ಲ.
ಒಂದಕ್ಕಿಳಿಸು. ಇಲ್ಲವೇ ತೆಗೆದುಬಿಡು."

ಕೊಂಡವಳು ಒಬ್ಬಳೇ, ಮಾಯ್ ನೂ ಥಾವ್,
ಆಸ್ಪತ್ರೆಯ ಪಾಳಿ ಮುಗಿಸಿ
ನೀಲಿ ಅಂಗಿಯಲ್ಲೇ ಬರುವವಳು.

ನನಗೆ ನಗು ಬರಬೇಕಿತ್ತು. ಹತ್ತೊಂಬತ್ತು ವರ್ಷ
ಅದಿರಿನ ಹಡಗಿನಲ್ಲಿ ದುಡಿದವನು,
ನನಗೇ ಈಜು ಬಾರದು.
ನವೆಂಬರಿನ ಆ ನೀರಿಗೆ ಬಿದ್ದಮೇಲೆ
"ಬಾರದವನು ಇಲ್ಲೇ ಮುಳುಗುತ್ತಾನೆ,
ಬಲ್ಲವನು ಸ್ವಲ್ಪ ಅತ್ತ ಹೋಗಿ"
ಎನ್ನುತ್ತಿದ್ದ ನಮ್ಮ ಅಡುಗೆಯವ.
ಹಾಗಾದರೆ ಆ ಮೂರನ್ನು ಎಲ್ಲಿಂದ ತಂದೆ?
ಪಟ್ಟಿಯಲ್ಲಿ ಒಂದು ಸಾಲು ಖಾಲಿ ಇತ್ತು, ತುಂಬಿದೆ.
ಆಮೇಲೆ ಕಾಡು ಬರೆದೆ, ಕೋಟೆ ಬರೆದೆ, ಮರಳುಗಾಡು ಬರೆದೆ,
ಸರೋವರದ ದಂಡೆಯಲ್ಲಿ ಕೂತು
ಒಂದು ಹನಿ ನೀರು ಬರೆಯಲಿಲ್ಲ.

ಮಾಯ್ ನೂ ಪೆನ್ಸಿಲ್ ಕೆಳಗಿಟ್ಟಳು.
"ನನ್ನಜ್ಜಿಗೆ ಈಜು ಬರುತ್ತಿರಲಿಲ್ಲ.
ಲಾವೋಸ್ ಬಿಟ್ಟ ರಾತ್ರಿ ಮೆಕಾಂಗ್ ದಾಟಿದಳು,
ಕಂಕುಳಲ್ಲಿ ಬಿದಿರು, ಬೆನ್ನಿಗೆ ನನ್ನಮ್ಮ.
ಇಳಿಸಬೇಡ. ಮೂರೇ ಇರಲಿ."
ಆರಿನ್ ಹಾಳೆ ಮಡಚಿದ. ಮತ್ತೆ ಬಿಚ್ಚಿದ.
ಅವನ ಲೆಕ್ಕವೇನೂ ಸುಳ್ಳಲ್ಲವಲ್ಲ.

ನದಿಯನ್ನೇ ತರದೆ
ಈಜಿನ ಬೆಲೆ ಚೌಕಾಸಿ ಮಾಡುತ್ತಿದ್ದೆ ನಾನು.

ಮುಂದಿನ ಗುರುವಾರ ತಂದೆ.
ಕಂದು ನೀರು, ಆಚೆ ದಡ ಕಾಣದ್ದು;
ಹೆಸರಿಡಲಿಲ್ಲ.
ಹಿಂದೆ ಪಂಜುಗಳು, ನಾಯಿಗಳು. ದೋಣಿಗೆ ಬೆಂಕಿ ಬಿದ್ದಿದೆ.
ಕತ್ತಿ, ಬಿಲ್ಲು, ಬೀಗ, ಮಾತು ಬಲ್ಲ ನಾಲ್ವರೂ
ಅವಳತ್ತ ತಿರುಗಿದರು.
ಹನ್ನೊಂದು ಬೇಕಿತ್ತು. ಎಸೆದಳು.
ದಾಳ ಕಾಫಿ ಲೋಟಕ್ಕೆ ತಾಗಿ, ಬಳಸಿ,
ನಿಂತಿತು: ನಾಲ್ಕು.
ಅವಳ ಮೂರು ಕೂಡಿಸಿದರೂ ಏಳು.

ತೊಂಬತ್ತೆರಡನೇ ಪುಟ ಹೇಳುತ್ತದೆ: ಮುಳುಗಿದಂತೆ ಲೆಕ್ಕ.
ನನ್ನದೇ ಕೈಬರಹ.
ಬಾಯ್ಲರ್ ಕೂಡ ಬಾಯಿ ಮುಚ್ಚಿತು.
"ದಡದಲ್ಲಿ ಏನೇನು ಬೆಳೆದಿದೆ?" ಎಂದಳು,
ದಾಳವನ್ನಲ್ಲ, ನನ್ನನ್ನು ನೋಡುತ್ತ.

ಸಾಮಾನಿನ ಪಟ್ಟಿ ತೆರೆದೆ. ಹಗ್ಗ, ಪಂಜು, ಏಣಿ, ಉಪ್ಪು.
ಉಪ್ಪಿನ ಕೆಳಗೆ ಪೆನ್ಸಿಲಿನಲ್ಲಿ ಬರೆದೆ: ಬಿದಿರು.
ಬೇಕಾದ ಕೌಶಲ: ಇಲ್ಲ.
ಬೆಲೆ:
ಆರಿನ್ ಕತ್ತು ಚಾಚಿ ಕಾಯುತ್ತಿದ್ದಾನೆ.